ಚಪ್ಪಲಿ ಹೊಲಿಗೆಯ ಸೂಟು

ಮಾರ್ಚ್ 6, ಸಂಜೆ
ಇವತ್ತು ಹದಿನಾಲ್ಕು ಜೊತೆ ಚಪ್ಪಲಿ. ಬೆರಳು ಮರಗಟ್ಟಿದೆ. ಅಂಗಡಿ ಬಾಗಿಲು ಎಳೆದ ಮೇಲೆ ನನ್ನ ಸ್ವಂತ ಕೆಲಸ — ಬೈಕ್ ರೇಸಿಗೆ ಚರ್ಮದ ಸೂಟು. ಕೊಳ್ಳುವ ಮಾತೇ ಇಲ್ಲ, ಅದರ ಬೆಲೆಗೆ ನನ್ನ ಹಳೇ ಬೈಕಿನಂಥದ್ದೇ ಇನ್ನೊಂದು ಬರುತ್ತದೆ. ಟೈರು ಇನ್ಯಾರೋ ಸವೆಸಿ ಬಿಟ್ಟದ್ದು. ಚೈನೂ ಅಷ್ಟೇ. ಚರ್ಮವಾದರೂ ಹೊಸದಿರಲಿ ಎಂದು ಮರ್ರಾಕೇಶಿನ ಚರ್ಮ ಹದ ಮಾಡುವವರ ಓಣಿಯೆಲ್ಲ ಸುತ್ತಿ ದಪ್ಪದ್ದೇ ಆರಿಸಿ ತಂದೆ.

ಮನೆಯಲ್ಲಿ ನನಗಿಂತ ಸಣ್ಣ ಹೊಲಿಗೆ ಹಾಕುವವಳು ಹೆಂಡತಿ ಗಿಜ್ಲಾನ್. ಸ್ವಲ್ಪ ಕೈ ಜೋಡಿಸೇ ಎಂದೆ.
"ಬೀಳೋಕೆ ಹೊಲ್ಕೋತಿದ್ದೀಯ. ನಾನು ಕೈ ಹಾಕಲ್ಲ."
"ಬೀಳಲ್ಲ ಕಣೇ."
"ಬೀಳದೆ ಇರೋರಿಗೆ ಅಂಗಿ ಸಾಕು."
ಸೂಜಿಗೆ ನಾನೇ ದಾರ ಪೋಣಿಸಿಕೊಂಡು ಕೂತೆ.

ಮಾರ್ಚ್ 29
ಮುಗಿಯಿತು. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಜಂಬ ಬಂತು... ಸುಳ್ಳೇಕೆ.

ಏಪ್ರಿಲ್ 11, ಶನಿವಾರ, ಮಧ್ಯಾಹ್ನ
ನಾಳೆ ರೇಸು. ಈ ವರ್ಷಕ್ಕೆ ನನ್ನ ಕೈಗೆಟುಕುವುದು ಇದೊಂದೇ. ಇವತ್ತು ತಪಾಸಣೆ. ಬೈಕು ಪಾಸು. ತಪಾಸಣೆಗಾರ ಸೀ ಲಾರ್ಬಿ ಮಾತ್ರ ಸೂಟಿನ ತೋಳನ್ನು ಒಳಮಗ್ಗುಲು ತಿರುಗಿಸಿ ನೋಡುತ್ತಾ ನಿಂತರು.

"ಮೇಸ್ತ್ರಿ, ಇದು ಚಪ್ಪಲಿ ಹೊಲಿಗೆ."

ನಿಜ. ಚಪ್ಪಲಿಯನ್ನು ಮಗುಚಿ ಒಂದೇ ಸಾಲು ಹೊಲಿಯುತ್ತೇವೆ, ಆಮೇಲೆ ಸರಿಮಗ್ಗುಲಿಗೆ ತಿರುಗಿಸಿದರೆ ದಾರ ಕಾಣುವುದಿಲ್ಲ. ಇಪ್ಪತ್ತು ವರ್ಷದ ರೂಢಿ, ಕೈ ತನ್ನ ಪಾಡಿಗೆ ತಾನು ಹಾಗೇ ಹೊಲಿದಿದೆ. ನಾಚಿಕೆಯಾಯಿತು.

"ಎರಡನೇ ಸಾಲು ಹಾಕ್ಕೊಂಡು ಬೆಳಿಗ್ಗೆ ಬನ್ನಿ. ಇಲ್ಲಾಂದ್ರೆ ಬಿಡಲ್ಲ. ನೆಲ ಉಜ್ಜಿದ್ರೆ ನಿಮ್ಮ ಚರ್ಮವೂ ಇದರ ಜೊತೆ ಹೋಗುತ್ತೆ."

ಇಡೀ ಸೂಟು, ನಾಳೆ ಬೆಳಗಿನೊಳಗೆ. ನನ್ನೊಬ್ಬನಿಂದ ಆಗದು.

ಅದೇ ದಿನ, ರಾತ್ರಿ
ಗಿಜ್ಲಾನ್‌ಗೆ ಹೇಳಿದೆ. ಮುಖ ಬಿಳಿಚಿಕೊಂಡಿತು.
"ಒಂದೇ ಸಾಲಾ? ಇದನ್ನ ಹಾಕ್ಕೊಂಡು ಹೋಗೋನಿದ್ದೆಯಾ?"
ಸೂಟು ಕಿತ್ತುಕೊಂಡಳು. "ದಾರಕ್ಕೆ ಮೇಣ ಹಚ್ಚಿ ಕೊಡ್ತಾ ಇರು. ಮಾತಾಡಬೇಡ."
ನನ್ನ ಸಾಲಿನ ಹಿಂದೆಯೇ ಅವಳ ಸಾಲು — ಭುಜ, ಮೊಣಕೈ, ಸೊಂಟ. ನಡುರಾತ್ರಿ ಹೊತ್ತಿಗೆ ಮುಗಿಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ನಾಳೆ ತಾನೂ ಬರುತ್ತಾಳಂತೆ. ಟ್ರ್ಯಾಕಿನ ಕಡೆ ತಲೆ ಹಾಕಿದವಳಲ್ಲ.

ಏಪ್ರಿಲ್ 12, ಭಾನುವಾರ
ಸೀ ಲಾರ್ಬಿ ಪಾಸು ಮಾಡಿದರು.

ಬಿದ್ದೆ. ಮೂರನೇ ಸುತ್ತು, ಬಲ ತಿರುವು. ಸವೆದ ಟೈರು ಕೈಕೊಟ್ಟಿತು. ಭುಜದ ಮೇಲೆ ಜಾರುತ್ತಾ ಹೋದೆ... ಬಹಳ ದೂರ. ಒಳಗೆಲ್ಲೋ ದಾರ ಪಟಪಟ ಕಿತ್ತುಹೋದದ್ದು ಗೊತ್ತಾಯಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಡಾಕ್ಟರು ಒತ್ತಿ ನೋಡಿದರು. "ಏನೂ ಆಗಿಲ್ಲ, ಏಳಿ."

ಗಿಜ್ಲಾನ್ ಓಡಿ ಬಂದಳು. ನನ್ನ ಮುಖ ನೋಡಲಿಲ್ಲ. ಸೂಟು ಬಿಚ್ಚಿಸಿ, ಅದರ ಭುಜ ಮಗುಚಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು.
"ನಿನ್ನ ಸಾಲು ಪೂರ್ತಿ ಹೋಗಿದೆ," ಎಂದಳು. "ನಂದು ಒಂದು ಹೊಲಿಗೆಯೂ ಬಿಟ್ಟಿಲ್ಲ."
ಅಲ್ಲೇ ಕೂತು ಅತ್ತಳು. ನಾನೂ ಅತ್ತೆ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು.

ಏಪ್ರಿಲ್ 14, ಸಂಜೆ
ರೇಸಿನ ಮಾತು ನಾನು ಎತ್ತಿಲ್ಲ. ಎತ್ತುವ ಮುಖವೂ ಇಲ್ಲ. ಅವಳೇ ಈಗ ಅಳತೆ ಟೇಪು ಹಿಡಿದು ಬಂದು ನಿಂತಿದ್ದಾಳೆ.
"ಭುಜದಲ್ಲಿ ಬಿಗಿ ಇತ್ತು, ಅದಕ್ಕೇ ಕಿತ್ತುಹೋಗಿದ್ದು. ತೋಳು ಬಿಚ್ಚಿ ಹೊಸದಾಗಿ ಕೂರಿಸ್ತೀನಿ."
"ಅಂದ್ರೆ... ಮುಂದಿನ ವರ್ಷ?"
"ನಾನು ಕೇಳಿದ್ದು ತೋಳು. ಎತ್ತು."
ಎಡಗೈ ಆಯಿತು. ಈಗ ಬಲಗೈ ಅಂತೆ. ಬಲಗೈ ಎತ್ತಿಕೊಂಡು ಬರೆಯುವುದು ಹೇ—