ಹದಿಮೂರೇಳ್ಲೆ ತೊಂಬತ್ತೊಂದು

ಜೂನ್ 3, ಬೆಳಿಗ್ಗೆ 5.40
ಹಾಲು ಉಕ್ಕಿತು. ನಾನು ಲೆಕ್ಕದಲ್ಲಿದ್ದೆ. ಹಿಂದಿನ ಎರಡು ಅವಿಭಾಜ್ಯ ಸಂಖ್ಯೆ ಕೂಡು, ಮೇಲೊಂದು ಸೇರಿಸು. ಬಂದದ್ದರ ಅತಿ ದೊಡ್ಡ ಅವಿಭಾಜ್ಯ ಅಪವರ್ತನವೇ ಮುಂದಿನ ಸಂಖ್ಯೆ. 43ಕ್ಕೆ 47, ಮೇಲೊಂದು... 91. ಹದಿಮೂರೇಳ್ಲೆ ತೊಂಬತ್ತೊಂದು. ಹಾಗಾಗಿ 13. ಆಮೇಲೆ 61, 5, 67. ಹತ್ತುತ್ತದೆ, ದಬ್ಬನೆ ಬೀಳುತ್ತದೆ. ಎಮ್ಮೆಸ್ಸಿ ಮುಗಿಸಿ ಇಷ್ಟು ವರ್ಷಕ್ಕೆ, ನನ್ನದು ಅಂತ ಹೇಳಿಕೊಳ್ಳಲು ಈ ಸರಣಿ ಒಂದೇ.

ಜೂನ್ 4
ಇವರು ವಿಜಯನಗರದ ಕಾಲೇಜಿನಲ್ಲಿ ಮ್ಯಾಥ್ಸ್ ಎಚ್‌ಒಡಿ. ಸಂಖ್ಯಾ ಸರಣಿಗಳ ವೆಬ್‌ಸೈಟಿಗೆ ನನ್ನದನ್ನು ಕಳಿಸಿದರು — ತಮ್ಮ ಹೆಸರಲ್ಲಿ! ಕೇಳಿದೆ.
"ಅಕೌಂಟ್ ನಂದಲ್ವೇನೇ? ಭಾನುವಾರ ರಾಜಾಜಿನಗರದ ಲೆಕ್ಚರ್‌ನಲ್ಲಿ ನಿನ್ನ ಹೆಸರು ಹೇಳ್ತೀನಿ ಬಿಡು."
ಗಂಡನ ಹೆಸರು ಬಾಯಲ್ಲಿ ತರಬಾರದು ಅಂತ ಅತ್ತೆ ಕಲಿಸಿದ್ದರು. ಡೈರಿಯಲ್ಲೂ 'ಇವರು' ಅಂತಲೇ ಬರೆಯುತ್ತೇನೆ. ಹೆಂಡತಿಯ ಹೆಸರು ತರಬಾರದು ಅಂತ ಇವರಿಗೆ ಯಾರು ಕಲಿಸಿದರೋ.

ಜೂನ್ 8
ನಾಳೆಯ ಸ್ಲೈಡ್ ನೋಡಿದೆ. 43, 47, 91.
"ರೀ, ಅಲ್ಲಿ 13 ಬರಬೇಕು. 91 ಏಳರಿಂದ ಭಾಗ ಹೋಗುತ್ತೆ."
"ಮೂವತ್ತು ವರ್ಷ ಪಾಠ ಮಾಡಿದೀನಿ. 91 ಪ್ರೈಮ್ ಕಣೇ. ನೀನು ರೊಟ್ಟಿ ನೋಡು ಹೋಗು, ಸೀದು ಹೋಗ್ತಿದೆ."
ರೊಟ್ಟಿ ಸೀದಿರಲಿಲ್ಲ.

ಜೂನ್ 9, ಸಂಜೆ
ಹಾಲ್ ತುಂಬಿತ್ತು. ಇಳಕಲ್ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತೆ. ಲೆಕ್ಚರ್ ಮುಗಿಯಿತು. ನನ್ನ ಹೆಸರಿಲ್ಲ. ಆಗ ಹಿಂದಿನಿಂದ ಒಬ್ಬಳು ಸ್ಟೂಡೆಂಟ್ ಎದ್ದಳು.
"ಸಾರ್, 91 ಪ್ರೈಮ್ ಅಲ್ವಲ್ಲ? ಹದಿಮೂರೇಳ್ಲೆ..."
ಇವರು ಕನ್ನಡಕ ತೆಗೆದು ಒರೆಸಿದರು. ನಕ್ಕರು.
"ಓ, ಅದಾ... ಆ ಲೆಕ್ಕ ಎಲ್ಲಾ ಮಾಡಿದ್ದು ನಮ್ಮನೆಯವರು. ಶ್ರೀಮತಿ ಬಸವರಾಜೇಶ್ವರಿ. ಅಲ್ಲೇ ಕೂತಿದಾರೆ ನೋಡಿ."
ಎಲ್ಲರೂ ತಿರುಗಿ ನೋಡಿದರು. ನಕ್ಕರು. ಹೆಸರು ಹೇಳುತ್ತೇನೆ ಅಂದಿದ್ದರು, ಹೇಳಿದರು. ಬಸವೇಶ್ವರನಗರದ ಮನೆ ಬರುವವರೆಗೂ ಆಟೋದಲ್ಲಿ ಹದಿಮೂರರ ಮಗ್ಗಿ ಹೇಳಿಕೊಂಡೆ.

ಜೂನ್ 23
ಬರೆಯಲು ಕೈ ಬಂದಿರಲಿಲ್ಲ. ವೆಬ್‌ಸೈಟಿನವರು 91ರ ತಪ್ಪು ತಿದ್ದಿ ಕಳಿಸಿ ಅಂದಿದ್ದಾರೆ. ಇಂದೇ ಕೊನೆ. ಇವರು ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ. ನಾನು ಅಡುಗೆಮನೆಯಲ್ಲಿ.
"ರಾಜೀ, 67, 73... ಆಮೇಲೆ ಏನೇ?"
47. ಗೊತ್ತು. ಹೇಳಿಲ್ಲ. ಮತ್ತೆ ಕೂಗುತ್ತಿದ್ದಾರೆ. ಏನು ಉತ್ತರ ಕೊಡಬೇಕೆಂದು, ಇವರ ಹೆಸರು ಹಿಡಿದೇ, ಮೊದಲು ಇಲ್ಲಿ ಬರೆದು ನೋಡುತ್ತೇನೆ. ಕೈಗೆ ಬಂದರೆ ಬಾಯಿಗೂ ಬಂದೀತು —
"ಮೊದಲು ನನ್ನ ಹೆಸರು ಹಾಕಿ, ಸಿದ್ದಲಿಂ—