ಪದ್ಮಾಗ ಬಿದ್ದ ಮತ

ಸ್ಕಾರ್‌ಬರೋ
೨೪ ಅಕ್ಟೋಬರ್ ೨೦೧೯

ಸೌ. ಚೆನ್ನಮ್ಮಗ ಮಡಿವಾಳಪ್ಪನ ಪ್ರೀತಿಯ ನೆನಪುಗಳು.

ಮೊಣಕಾಲು ನೋವು ಹೆಂಗೈತಿ? ಎಣ್ಣಿ ಹಚ್ಚಕೊಳ್ಳಾಕ ಬ್ಯಾಸರ ಮಾಡ್ಕೋಬ್ಯಾಡ. ನಾ ಆರಾಮ ಅದೀನಿ. ಇಲ್ಲಿ ಈಗಲೇ ಥಂಡಿ. ಅಳಿಯ ಸತ್ಯಪ್ರಕಾಶರು ಕೊಡಿಸಿದ ಜಾಕೀಟು ಹಾಕ್ಕೊಂಡ್ರ ಗಾದಿ ಸುತ್ತಿಕೊಂಡವರಂಗ ಕಾಣತೀನಿ.

ನಮ್ಮ ಪದ್ಮಾ ಇಲ್ಲಿ ಒಟ್ಟಾವಾ ಪಾರ್ಲಿಮೆಂಟಿಗೆ ಆರಿಸಿ ಬಂದಾಳ. ಇನ್ನೂರಾ ಹನ್ನೆರಡು ಮತದಿಂದ! ಬೈಲಹೊಂಗಲ ಕೋರ್ಟಿನ್ಯಾಗ ಮೂವತ್ತೆರಡು ವರ್ಷ ಗುಮಾಸ್ತಿ ಮಾಡಿ ಎಷ್ಟೋ ತೀರ್ಪು ಕೇಳೀನಿ, ಇಂಥಾದ್ದು ಒಂದೂ ಕೇಳಿದ್ದಿಲ್ಲ. ಫೋನಿನ್ಯಾಗ ಆಕಿ ಹೆಸರು ಎತ್ತಿದ ಕೂಡಲೇ ನೀ ಇಟ್ಟುಬಿಡತಿ. ಕಾಗದ ಆದ್ರ ಕೊನೀತನಕ ಓದತಿ ಅಂತ ಬರದೀನಿ.

ಹನ್ನೊಂದು ವರ್ಷದ ಹಿಂದ ಆಕಿ ಬೆಳಗಾವಿ ವಕೀಲಿ ಬಿಟ್ಟು ಗಂಡನ ಜೋಡಿ ಹೊಂಟಾಗ, "ನಾ ಹೊಲಿಗಿ ಮಷೀನು ತುಳದು ಓದಿಸಿದ್ದು ಮಣ್ಣಪಾಲು ಮಾಡಿದಿ" ಅಂದು ನೀ ಮಾತು ಬಿಟ್ಟಿ. ಆಕಿ ಮಣ್ಣಪಾಲು ಮಾಡಲಿಲ್ಲ, ಚೆನ್ನಮ್ಮ. ನಮ್ಮ ಕಡೆ ವಕೀಲಿ ಸನದು ಇಲ್ಲಿ ನಡಿಯಂಗಿಲ್ಲ. ಕಿರಾಣಿ ಅಂಗಡಿ ಕೌಂಟರಿನ್ಯಾಗ ನಿಂತು, ಬಸ್ಸಿನ್ಯಾಗ ಓದಿ, ಪರೀಕ್ಷಾ ಎಲ್ಲಾ ಮತ್ತ ಪಾಸ್ ಮಾಡಿ ವಕೀಲಳಾದಳು. ಬೇಸ್‌ಮೆಂಟುಗಳಾಗ ಬಾಡಿಗಿ ಇರೋ ಬಡಮಂದಿ ಕೇಸು ಹಿಡದಳು. ಆ ಮಂದೀನ ಆಕಿನ್ನ ಚುನಾವಣಿಗೆ ನಿಲ್ಲಿಸಿದ್ದು. ೨೦೧೫ರಾಗ ಸೋತಳು. ಆದ್ರೂ ಬಿಡಲಿಲ್ಲ.

ಈ ಸಲ ನಾನೂ ಮನಿಮನಿಗೆ ಜೋಡಿ ಹೋದೆ. ಒಂದು ಬಾಗಿಲಾ ತೆರದವ್ರು ಮೈಸೂರಿನ ವೇಣುಗೋಪಾಲ ಅನ್ನೋರು. ಹೀಟರ್ ಕೆಟ್ಟೈತಿ ಅಂದ ಬಾಡಿಗಿ ಸಂಸಾರಾನ ಅವ್ರು ಹೊರಗ ಹಾಕಾಕ ಹೊಂಟಾಗ, ಪದ್ಮಾ ಅವರ ವಿರುದ್ಧ ವಾದ ಮಾಡಿ ಗೆದ್ದಿದ್ದಳು. ನಾ ಎರಡು ಮೆಟ್ಟಲಾ ಹಿಂದ ಸರದೆ. ಆಕಿ ಸರೀಲಿಲ್ಲ.

"ಸರ್, ಆ ಕೇಸು ಇವತ್ತು ಬಂದ್ರೂ ನಾ ಹಂಗ ವಾದ ಮಾಡತೀನಿ. ಅದನ್ನ ತಿಳದು ಮತ ಹಾಕ್ರಿ" ಅಂದಳು.

ಅವ್ರು ಬಾಗಿಲಾ ಪೂರ್ತಿ ತೆರದು, "ನನ್ನ ಸೋಲಿಸಿದ ಲಾಯರು ಒಟ್ಟಾವಾದಲ್ಲಿ ನನ್ನ ಪರವಾಗಿ ಮಾತಾಡ್ಲಿ. ನಿಮ್ಮ ಹೆಸರಿನ ಬೋರ್ಡ್ ಕೊಡಿ, ಮನೆ ಮುಂದಿನ ಲಾನಲ್ಲಿ ನಿಲ್ಲಿಸ್ತೀನಿ" ಅಂದ್ರು. ಅದನ್ನ ನೋಡಿ ಉಳದ ಮನಿಯವ್ರೂ ಕೇಳಿದ್ರು, ಆ ಓಣ್ಯಾಗ ನಮ್ಮ ಬೋರ್ಡು ಸಾಲದಂಗಾದವು.

ಗೆದ್ದ ಮರುದಿನ ಮಂದಿ ಹಾರ ಹಿಡಕೊಂಡು ಬಂದ್ರ, ಆಕಿ ಅಡಗಿಮನ್ಯಾಗ ಕಣ್ಣು ಒರಸಕೋತ ನಿಂತಿದ್ದಳು. "ಅವ್ವಾಗ ಯಾರು ಹೇಳತಾರ ಅಪ್ಪಾ?" ಅಂದಳು. ನಾ ಬರೀತೀನಿ ಅಂದೆ.

ಬಾಜೂಮನಿ ಕಮಲಮ್ಮಕ್ಕಗ ಶರಣು ಹೇಳು, ಓಣ್ಯಾಗ ಪೇಢೇನೂ ಹಂಚು. ನಿನಗ ಆ ದೇವರು ಒಳ್ಳೇ ಆರೋಗ್ಯ ಕೊಡಲಿ.

ನಿನ್ನ
ಮಡಿವಾಳಪ್ಪ

ತಾ.ಕ.: ಅಳಿಯ ಪೋಸ್ಟಿಗೆ ಹೊಂಟು ನಿಂತಾರ, ಅವಸರದಾಗ ಬರಿಯಾಕತ್ತೀನಿ. ಜನವರ್ಯಾಗ ನನ್ನ ಜೋಡಿ ಪದ್ಮಾನೂ ಬರತಾಳ. ನೀ ಮನಿಯೊಳಗ ಕರಕೋತಿಯೋ ಇಲ್ಲೋ ಅಂತ ಅಂಜಿ, ಬೆಳಗಾವ್ಯಾಗ ಲಾಡ್ಜ್ ಹಿಡೀತೀನಿ ಅಂತಿದ್ದಳು. "ನಿಮ್ಮವ್ವ ಬಾ ಅಂದಾಳ" ಅಂತ ನಾನ ಸುಳ್ಳು ಹೇಳೀನಿ. ಅದನ್ನ ಖರೇ ಮಾಡೋದು ನಿನ್ನ ಕೈಯಾಗೈತಿ.