ಗುಲಾಬಿ ಇದ್ದ ಜಾಗದಲ್ಲಿ ಗ್ಯಾಸಿನ ಕಾರು

ಕರಮಾನ್,
ಮಂಗಳವಾರ

ಮನೆಯೊಡೆಯರಾದ ನುಸ್ರತ್ ಬೇ ಅವರಿಗೆ, ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ನೆರ್ಮಿನ್ ಮಾಡುವ ವಂದನೆಗಳು.

ಮಗಳು ಪೆಲಿನ್‌ಳ ಕಿವಿಗೆ ಯಂತ್ರ ಕೂರಿಸಿದ ಮೇಲೆ, ಕೇಳಿಸಿಕೊಳ್ಳುವುದನ್ನು ಕಲಿಸುವ ಪಾಠಕ್ಕೆ ಅವಳನ್ನು ವಾರವಾರವೂ ಕೊನ್ಯಾ ನಗರಕ್ಕೆ ಕರೆದೊಯ್ಯಬೇಕಿತ್ತು. ಪೆಟ್ರೋಲಿನ ಬೆಲೆಗೆ ಹೆದರಿ ನಾವು ಪಾಠ ತಪ್ಪಿಸತೊಡಗಿದ್ದೆವು. ಕೊನೆಗೆ ಗ್ಯಾರೇಜಿನ ಜೆವ್ದೆತ್ ಮೇಸ್ತ್ರಿ ನಮ್ಮ ಹಳೆಯ ಶಾಹಿನ್ ಕಾರಿನ ಡಿಕ್ಕಿಯಲ್ಲಿ ಟ್ಯಾಂಕು ಕೂರಿಸಿ, ಅದು ಅಗ್ಗದ ಗ್ಯಾಸಿನಲ್ಲಿ ಓಡುವಂತೆ ಮಾಡಿಕೊಟ್ಟ. ಅಂದೇ ಸಂಜೆ, ನಾವು ಕಾರು ನಿಲ್ಲಿಸುವ ನೆಲಮಾಳಿಗೆಯ ಬಾಗಿಲಲ್ಲಿ ಕಾವಲುಗಾರ ತಡೆದ.

"ಗ್ಯಾಸ್ ಗಾಡಿ ಒಳಗೆ ಬಿಡಂಗಿಲ್ಲ ಅಕ್ಕಾ. ಸೋರಿದ್ರೆ ಹೊರಗೆ ಹೋಗ್ದೆ ಕೆಳಗೇ ನಿಂತ್ಕೊಳ್ಳುತ್ತೆ, ಒಂದು ಕಿಡಿ ಸಾಕು."

ಅವನದೇನೂ ತಪ್ಪಿಲ್ಲ. ಬೀದಿಯಲ್ಲೂ ಜಾಗ ಸಿಗದೆ, ಕಾರನ್ನೇ ಮಾರಿಬಿಡುವ ಮಾತು ನಮ್ಮಲ್ಲಿ ಬಂದಿತ್ತು.

ಮರುದಿನ ನೋಡಿದರೆ ನೀವು ಅಂಗಳದ ಗುಲಾಬಿ ಗಿಡಗಳನ್ನು ಬುಡಸಮೇತ ಅಗೆಯುತ್ತಿದ್ದಿರಿ. ನಾನು ಓಡಿಬಂದು ಬೇಡವೆಂದೆ.

"ಗುಲಾಬಿ ಕುಂಡದಲ್ಲೂ ಬದುಕುತ್ತೆ ಮಗಳೇ. ನಿನ್ನ ಕಾರನ್ನ ಕುಂಡದಲ್ಲಿ ಇಡೋಕಾಗುತ್ತಾ?" ಎಂದು ನಕ್ಕಿರಿ.

ಅಂದು ಕುಂಡಗಳಿಗೆ ಮಣ್ಣು ತುಂಬುವ ಗಡಿಬಿಡಿಯಲ್ಲಿ ನಿಮಗೆ ಕೃತಜ್ಞತೆ ಹೇಳುವುದೇ ಉಳಿದುಹೋಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆಮೇಲೆ ಒಂದು ಪಾಠವೂ ತಪ್ಪಿಲ್ಲ. ನಿನ್ನೆ ಪೆಲಿನ್ ನನಗೆ ಬೆನ್ನು ಹಾಕಿ ಕಿಟಕಿಯ ಬಳಿ ಆಡುತ್ತಿದ್ದಳು. ಎಂದಿನ ಅಭ್ಯಾಸದಂತೆ ಸುಮ್ಮನೆ ಹೆಸರು ಕರೆದೆ. ತಿರುಗಿ ನೋಡಿದಳು!

ಒಂದೇ ಕೋರಿಕೆ. ನಾಳೆ ಸಂಜೆ ನಾವು ಕೊನ್ಯಾದಿಂದ ಬಂದು ಅಂಗಳದಲ್ಲಿ ಇಳಿಯುವಾಗ, ನೀವು ಬಾಲ್ಕನಿಯಿಂದ ಕೈ ಬೀಸಬೇಡಿ. ಅವಳ ಹೆಸರು ಹಿಡಿದು ಕೂಗಿ.

ನಿಮ್ಮ ಉಪಕಾರ ನೆನೆಯುವ,
ನೆರ್ಮಿನ್